ಮಗುವಿನ ಕಿಡ್ನಿಗೆ ದೊಡ್ಡವರ ಪಥ್ಯ ಬೇಡ

ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ "ಮಗುವಿಗೆ ಕಿಡ್ನಿ ತೊಂದರೆಯಂತೆ" ಎಂಬ ಮಾತು ಹೊರಬಿದ್ದರೆ ಸಾಕು, ಸಂಜೆಯೊಳಗೆ ನಾಲ್ಕು ಮನೆಯವರು ಬಂದು ನಾಲ್ಕು ಪಥ್ಯ ಹೇಳಿ ಹೋಗುತ್ತಾರೆ. ಬೇಳೆ ಮುಟ್ಟಿಸಬೇಡಿ, ನೀರು ಅಳೆದು ಕೊಡಿ, ಮೊಟ್ಟೆಯಂತೂ ಬೇಡವೇ ಬೇಡ. ಹೇಳುವವರದ್ದೇನೂ ತಪ್ಪಿಲ್ಲ. ಅವರು ನೋಡಿರುವುದು ಸಕ್ಕರೆ ಕಾಯಿಲೆಯಿಂದಲೋ ಬಿಪಿಯಿಂದಲೋ ಕಿಡ್ನಿ ಕೆಟ್ಟು ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಓಡಾಡುವ ಹಿರಿಯರನ್ನು. ಚಿಕ್ಕ ಮಕ್ಕಳ ಕಿಡ್ನಿ ಕಾಯಿಲೆಗೆ ಕಾರಣ ಬೇರೆ, ಔಷಧಿ ಬೇರೆ, ಊಟ ಬೇರೆ. ಎಷ್ಟೋ ಮಕ್ಕಳ ಮಟ್ಟಿಗೆ ಕೊನೆಯೂ ಬೇರೆ: ಅವರು ದೊಡ್ಡವರಾಗುತ್ತಾ ಕಾಯಿಲೆ ಕಳಚಿಕೊಳ್ಳುತ್ತದೆ. ಇಷ್ಟನ್ನು ಮನೆಯವರು ಮೊದಲ ವಾರದಲ್ಲೇ ತಿಳಿದುಕೊಂಡರೆ ಅರ್ಧ ತಪ್ಪುಗಳು ತಪ್ಪುತ್ತವೆ.

ಗುರುತು ಹಿಡಿಯುವುದು

ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ನೆಫ್ರೋಟಿಕ್ ಸಿಂಡ್ರೋಮ್. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊತ, ಮಧ್ಯಾಹ್ನದ ಹೊತ್ತಿಗೆ ಇಳಿತ, ಸಂಜೆ ಪಾದದಲ್ಲಿ ಊತ. "ಹುಳ ಗಿಳ ಕಚ್ಚಿರಬೇಕು ಬಿಡಮ್ಮ" ಎನ್ನುತ್ತಾಳೆ ಅಜ್ಜಿ. ಮೆಡಿಕಲ್ ಶಾಪಿನಲ್ಲಿ ಅಲರ್ಜಿಯ ಸಿರಪ್ ಕೊಡುತ್ತಾರೆ. ಅಷ್ಟರಲ್ಲಿ ಹತ್ತು ದಿನ ಕಳೆದು, ಹೊಟ್ಟೆ ಉಬ್ಬಿ, ಗಂಡು ಮಕ್ಕಳಿಗೆ ಬೀಜದ ಚೀಲವೂ ಊದಿಕೊಂಡಿರುತ್ತದೆ. ಮೂತ್ರ ಕಡಿಮೆಯಾಗಿ, ನೊರೆನೊರೆಯಾಗಿ ಹೋಗುತ್ತದೆ. ಕಿಡ್ನಿಯ ಜರಡಿಯ ಕಣ್ಣು ದೊಡ್ಡದಾಗಿ ರಕ್ತದ ಪ್ರೋಟೀನ್ ಮೂತ್ರಕ್ಕೆ ಸೋರುವುದೇ ಇದರ ಮೂಲ. ಊದಿದ ಮುಖದ ಯಾವ ಮಗುವಿಗಾದರೂ ಮೊದಲು ಮಾಡಿಸಬೇಕಾದದ್ದು ಮೂತ್ರ ಪರೀಕ್ಷೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹತ್ತು ನಿಮಿಷದ ಕೆಲಸ.

ಮೂತ್ರ ಕಾಫಿ ಅಥವಾ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಬೇರೆ ಕಥೆ. ಗಂಟಲು ನೋವು ಬಂದು ಒಂದೆರಡು ವಾರಕ್ಕೋ, ಮೈಮೇಲೆ ಕಜ್ಜಿ, ಕೀವುಗುಳ್ಳೆ ಆಗಿ ಮೂರ್ನಾಲ್ಕು ವಾರಕ್ಕೋ ಇದು ಕಾಣಿಸಿಕೊಳ್ಳುತ್ತದೆ. ವಾರಕ್ಕೊಮ್ಮೆ ನಲ್ಲಿ ನೀರು ಬರುವ ಊರಲ್ಲಿ ಮಕ್ಕಳ ಕಜ್ಜಿ ಸಾಮಾನ್ಯ. ಅದನ್ನು ಹಾಗೇ ಬಿಡದೆ ವಾಸಿ ಮಾಡಿಸಬೇಕು ಎನ್ನುವುದು ಈ ಕಾರಣಕ್ಕೂ. ಬಹುತೇಕ ಮಕ್ಕಳು ಕಿಡ್ನಿಯ ಈ ತೊಂದರೆಯಿಂದ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಆದರೆ ಆ ದಿನಗಳಲ್ಲಿ ಬಿಪಿ ಏರಿ ಫಿಟ್ಸ್ ಬರಬಹುದಾದ್ದರಿಂದ ಆಸ್ಪತ್ರೆಯಲ್ಲಿ ನಿಗಾ ಬೇಕು.

ಮೂರನೆಯದು ಹುಟ್ಟಿನಿಂದಲೇ ಬರುವ ತೊಂದರೆ. ಗಂಡು ಮಗು ಧಾರೆಯಾಗಿ ಮೂತ್ರ ಮಾಡದೆ ತೊಟ್ಟಿಕ್ಕಿಸುತ್ತಿದ್ದರೆ, ಮುಕ್ಕುತ್ತಿದ್ದರೆ, ಮೂತ್ರನಾಳದಲ್ಲಿ ಪೊರೆ ಅಡ್ಡ ಇರುವ ಸಂಶಯ. ನೆಗಡಿ ಕೆಮ್ಮು ಏನೂ ಇಲ್ಲದೆ ಪದೇ ಪದೇ ಜ್ವರ ಬರುವ ಕೂಸಿಗೆ ಮೂತ್ರದ ಸೋಂಕು ಇರಬಹುದು. ಬಸಿರಿನಲ್ಲಿ ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ "ಮಗುವಿನ ಕಿಡ್ನಿ ಊದಿದೆ" ಎಂದು ಬರೆದಿದ್ದರೆ ಆ ಕಾಗದವನ್ನು ಬಾಣಂತನದ ಗಡಿಬಿಡಿಯಲ್ಲಿ ಕಳೆಯಬೇಡಿ. ಹುಟ್ಟಿದ ವಾರದೊಳಗೆ ಮಗುವಿಗೆ ಸ್ಕ್ಯಾನಿಂಗ್ ಮಾಡಿಸಬೇಕು. ಹೊತ್ತಿಗೆ ಸರಿಯಾಗಿ ಪೊರೆ ತೆಗೆಸಿದರೆ ಉಳಿಯುವ ಕಿಡ್ನಿ, ಬಿಟ್ಟರೆ ಸದ್ದಿಲ್ಲದೆ ಹಾಳಾಗುತ್ತದೆ. ನಮ್ಮ ಕಡೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇನ್ನೂ ಇದೆ. ಕೆಲವು ವಂಶವಾಹಿ ಕಿಡ್ನಿ ಕಾಯಿಲೆಗಳು ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. ಮೊದಲ ಮಗುವಿಗೆ ಹೀಗಾಗಿದ್ದರೆ ಎರಡನೆಯದಕ್ಕೆ ಮುಂಚೆ ವೈದ್ಯರೊಡನೆ ಬಿಚ್ಚಿ ಮಾತಾಡುವುದು ನಾಚಿಕೆಯ ವಿಷಯವಲ್ಲ.

ಹನ್ನೆರಡು ವಾರ, ಒಂದು ನೋಟ್‌ಬುಕ್ಕು

ನೆಫ್ರೋಟಿಕ್‌ಗೆ ಮುಖ್ಯ ಔಷಧಿ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಭಾರತೀಯ ಮಕ್ಕಳ ಕಿಡ್ನಿ ತಜ್ಞರ ಸಂಘ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ, ಮೊದಲ ಸಲ ಬಂದಾಗ ಮಗುವಿನ ತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂನಂತೆ 6 ವಾರ ದಿನಾಲೂ, ಆಮೇಲೆ ಕಿಲೋಗೆ 1.5 ಮಿಲಿಗ್ರಾಂನಂತೆ 6 ವಾರ ದಿನ ಬಿಟ್ಟು ದಿನ. ಅಂದರೆ 15 ಕಿಲೋ ಮಗುವಿಗೆ ಮೊದಲು ದಿನಕ್ಕೆ 30 ಮಿಲಿಗ್ರಾಂ. ಈ ಲೆಕ್ಕ ಹೇಳಿದ್ದು ನೀವೇ ಮಾತ್ರೆ ಕೊಡಲೆಂದಲ್ಲ, ಚೀಟಿಯಲ್ಲಿ ಬರೆದದ್ದನ್ನು ಸರಿಯಾಗಿ ಓದಿಕೊಳ್ಳಲೆಂದು. ಈ ಮಾತ್ರೆ 5, 10, 20, 40 ಮಿಲಿಗ್ರಾಂಗಳಲ್ಲಿ ಸಿಗುತ್ತದೆ. ಹೋದ ಸಲ 10ರ ಮೂರು ಮಾತ್ರೆ ಕೊಡುತ್ತಿದ್ದವರಿಗೆ ಈ ಸಲ ಅಂಗಡಿಯಲ್ಲಿ 20ರ ಸ್ಟ್ರಿಪ್ ಬಂದರೆ, ಅದೇ ಅಭ್ಯಾಸದಲ್ಲಿ ಮೂರು ಕೊಟ್ಟುಬಿಡುವ ಅಪಾಯವಿದೆ. ಸ್ಟ್ರಿಪ್ ಕೈಗೆ ಬಂದ ಕೂಡಲೇ ಅಂಗಡಿಯ ಮುಂದೆ ನಿಂತೇ ಅಂಕಿ ನೋಡಿ. ಕಹಿ ಮಾತ್ರೆ ಇದು. ಬೆಳಿಗ್ಗೆ ತಿಂಡಿಯಾದ ಮೇಲೆ ಪುಡಿ ಮಾಡಿ ಬೆಲ್ಲದ ಚೂರಿನ ಜೊತೆ ಕೊಟ್ಟರೆ ಮಗು ನುಂಗುತ್ತದೆ.

ಮುಕ್ಕಾಲು ಪಾಲಿಗಿಂತ ಹೆಚ್ಚು ಮಕ್ಕಳಿಗೆ ಈ ಔಷಧಿ ಹತ್ತುತ್ತದೆ. ಎರಡು ವಾರದಲ್ಲಿ ಊತ ಇಳಿದು ಮಗು ಓಡಾಡಲು ಶುರು ಮಾಡುತ್ತದೆ. ಎಡವಟ್ಟಾಗುವುದು ಇಲ್ಲೇ: "ವಾಸಿಯಾಯಿತಲ್ಲ" ಎಂದು ಮಾತ್ರೆ ನಿಲ್ಲಿಸುವವರು ಬಹಳ. ಸ್ಟೀರಾಯ್ಡ್ ಅನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದಷ್ಟೇ ಅಲ್ಲ, ಜೀವಕ್ಕೇ ಅಪಾಯ. ಇಷ್ಟು ದಿನ ಹೊರಗಿನಿಂದ ಪಡೆದ ದೇಹ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ನಿಲ್ಲಿಸಿರುತ್ತದೆ. ಇದೇ ಕಾರಣಕ್ಕೆ ಮಗು ವಾಂತಿ ಮಾಡಿಕೊಂಡು ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ನಾಳೆ ನೋಡೋಣ ಎನ್ನದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಇಂಜೆಕ್ಷನ್ ಬೇಕಾಗಬಹುದು. ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ವಲಸೆ ಹೋಗುವ ಮನೆಯವರು, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವವರು ಹೊರಡುವ ಮುಂಚೆ ಎಷ್ಟು ದಿನದ ಮಾತ್ರೆ ಉಳಿದಿದೆ ಎಂದು ಎಣಿಸಿಕೊಳ್ಳಿ. ಪ್ರೆಡ್ನಿಸೊಲೋನ್ ಅಗ್ಗದ ಮಾತ್ರೆ, ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ.

ಇನ್ನು ಮರುಕಳಿಕೆ. ವಾಸಿಯಾದ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಮತ್ತೆ ಬರುತ್ತದೆ, ಅದೂ ಸಾಮಾನ್ಯವಾಗಿ ನೆಗಡಿ ಜ್ವರದ ಬೆನ್ನಿಗೆ. ಅದನ್ನು ಮುಖ ಊದುವ ಮುಂಚೆಯೇ ಹಿಡಿಯುವುದು ತಾಯಿತಂದೆಯರ ಕೈಯಲ್ಲಿದೆ. ಮನೆಯಲ್ಲೇ ಮೂತ್ರ ನೋಡುವುದನ್ನು ಕಲಿಯಿರಿ. ಬೆಳಗಿನ ಮೊದಲ ಮೂತ್ರ ಹಿಡಿದು ಡಿಪ್‌ಸ್ಟಿಕ್ ಪಟ್ಟಿ ಅದ್ದಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾದು, ಅಲ್ಲಿನ ಬಣ್ಣಗಳ ಜೊತೆ ಹೋಲಿಸುವುದು ಒಂದು ದಾರಿ. ಪಟ್ಟಿ ಸಿಗದಿದ್ದರೆ ಗಾಜಿನ ಟೆಸ್ಟ್‌ಟ್ಯೂಬಿನಲ್ಲಿ ಮೂತ್ರ ತೆಗೆದುಕೊಂಡು ಸಲ್ಫೋಸ್ಯಾಲಿಸಿಲಿಕ್ ಆಮ್ಲವನ್ನು ವೈದ್ಯರು ತೋರಿಸಿದಷ್ಟು ಹನಿ ಹಾಕಿ, ಗೋಡೆಯ ಕ್ಯಾಲೆಂಡರಿನ ಮುಂದೆ ಹಿಡಿಯಿರಿ. ಅಕ್ಷರ ನಿಚ್ಚಳವಾಗಿ ಓದಲು ಬಂದರೆ ಪ್ರೋಟೀನ್ ಇಲ್ಲ. ತುಸು ಮಂಜಾದರೂ ಓದಲು ಬಂದರೆ ಒಂದು ಪ್ಲಸ್. ಅಕ್ಷರ ಇದೆ ಎಂದಷ್ಟೇ ಗೊತ್ತಾದರೆ ಎರಡು. ಏನೂ ಕಾಣದಂತೆ ಬೆಳ್ಳಗಾದರೆ ಮೂರು. ಮೊಸರಿನ ಗೆಡ್ಡೆಯಂತೆ ಕೂತರೆ ನಾಲ್ಕು. ಸತತ ಮೂರು ದಿನ ಮೂರು ಅಥವಾ ನಾಲ್ಕು ಪ್ಲಸ್ ಬಂದರೆ ಮರುಕಳಿಸಿದೆ ಎಂದೇ ಲೆಕ್ಕ, ವೈದ್ಯರಿಗೆ ಫೋನ್ ಮಾಡಿ. ಸತತ ಮೂರು ದಿನ ಏನೂ ಇಲ್ಲ ಅಥವಾ ತೀರಾ ಅಲ್ಪ ಎಂದು ಬಂದರೆ ಹತೋಟಿಗೆ ಬಂತು. ಏಳನೇ ಕ್ಲಾಸು ಓದಿದ ಅಕ್ಕನೋ ಅಣ್ಣನೋ ಮನೆಯಲ್ಲಿದ್ದರೆ ಈ ಕೆಲಸ ಅವರಿಗೆ ವಹಿಸಿ, ಚೆನ್ನಾಗಿ ಮಾಡುತ್ತಾರೆ.

ನೋಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಾರೀಖು, ಮೂತ್ರ ಎಷ್ಟು ಪ್ಲಸ್, ಯಾವ ಮಾತ್ರೆ ಎಷ್ಟು, ಜ್ವರ ಇತ್ತೇ, ತೂಕ. ತೂಕಕ್ಕೆ ಅಂಗನವಾಡಿಯ ತಕ್ಕಡಿ ಸಾಕು, ಟೀಚರ್ ಬೇಡ ಎನ್ನುವುದಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಹತ್ತು ನಿಮಿಷ ಸಿಗುವ ವೈದ್ಯರಿಗೆ ಫೈಲು ತುಂಬ ಸ್ಕ್ಯಾನಿಂಗ್‌ಗಿಂತ ಈ ಪುಸ್ತಕ ಹೆಚ್ಚು ಹೇಳುತ್ತದೆ. ಪದೇ ಪದೇ ಮರುಕಳಿಸುವ ಮಕ್ಕಳಿಗೆ ಲೆವಮಿಸಾಲ್, ಮೈಕೋಫಿನೊಲೇಟ್‌ನಂಥ ಬೇರೆ ಔಷಧಿ ಕೊಡಬೇಕೇ ಎಂದು ತೀರ್ಮಾನಿಸುವುದೂ ಈ ಬರಹ ನೋಡಿಯೇ. ಆರು ವಾರ ಕೊಟ್ಟರೂ ಸ್ಟೀರಾಯ್ಡ್ ಹತ್ತದ ಮಕ್ಕಳು ಕೆಲವರಿರುತ್ತಾರೆ. ಅವರಿಗೆ ಕಿಡ್ನಿಯ ಬಯಾಪ್ಸಿ, ತಜ್ಞರ ಆರೈಕೆ ಬೇಕೇ ಬೇಕು.

ಊಟ, ನೀರು, ಅಮ್ಮ

ನೆಫ್ರೋಟಿಕ್ ಮಗುವಿಗೆ ಬೇಳೆ, ಮೊಟ್ಟೆ, ಹಾಲು ನಿಲ್ಲಿಸಬಾರದು. ವಯಸ್ಸಿಗೆ ತಕ್ಕ ಪ್ರೋಟೀನ್ ಬೇಕು, ಸೋರಿ ಹೋಗುತ್ತಿದೆಯೆಂದು ವಿಪರೀತ ತುಂಬುವುದೂ ಬೇಡ. ಹತೋಟಿಯಲ್ಲಿಡಬೇಕಾದದ್ದು ಉಪ್ಪು, ಅದರಲ್ಲೂ ಊತ ಇರುವಾಗ. ಮುದ್ದೆಯಲ್ಲಿ ಉಪ್ಪಿಲ್ಲ, ಸಜ್ಜೆ ರೊಟ್ಟಿಯಲ್ಲಿ ಹಾಕದಿದ್ದರೂ ನಡೆಯುತ್ತದೆ. ಸಾರನ್ನು ಮಗುವಿಗೆ ಉಪ್ಪು ಹಾಕುವ ಮುಂಚೆಯೇ ಒಂದು ಬಟ್ಟಲು ತೆಗೆದಿಟ್ಟು, ಹುಳಿ, ಜೀರಿಗೆ, ಕೊತ್ತಂಬರಿ ಜಾಸ್ತಿ ಮಾಡಿ. ಉಪ್ಪು ಅಡಗಿ ಕೂತಿರುವುದು ಖಾರ ಮಂಡಕ್ಕಿ, ಮಿರ್ಚಿ, ಹಪ್ಪಳ, ಉಪ್ಪಿನಕಾಯಿ, ಐದು ರೂಪಾಯಿ ಪೊಟ್ಟಣದ ಕುರುಕಲುಗಳಲ್ಲಿ. ಮಂಡಕ್ಕಿಯ ಅಕ್ಕಿಗೇ ಉಪ್ಪು ಹಾಕಿ ಹುರಿದಿರುತ್ತಾರೆ ಎನ್ನುವುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಸ್ಟೀರಾಯ್ಡ್‌ನಿಂದ ಹಸಿವು ಹೆಚ್ಚಿ ಮಗು ಸದಾ ತಿನ್ನಲು ಕೇಳುತ್ತದೆ. ಕೈಗೆ ಬಿಸ್ಕತ್ತಿನ ಬದಲು ಸೌತೆಕಾಯಿ, ಸೀಬೆಹಣ್ಣು, ಉಪ್ಪಿಲ್ಲದೆ ಹುರಿದ ನಾಲ್ಕು ಶೇಂಗಾ ಸಿಗುವಂತಿರಲಿ.

ನಮ್ಮ ಚಿತ್ರದುರ್ಗ ಜಿಲ್ಲೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಹಳೆಯ ಗೋಳು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಯಾರಿಗೂ ಒಳ್ಳೆಯದಲ್ಲ. ಮೈಗೆ ಸೇರಿದ ಫ್ಲೋರೈಡನ್ನು ಹೊರಹಾಕುವುದು ಕಿಡ್ನಿಯೇ ಆದ್ದರಿಂದ, ಕಿಡ್ನಿ ಸೋತ ಮಗುವಿನ ಮೂಳೆ ಹಲ್ಲುಗಳಲ್ಲಿ ಅದು ಇನ್ನಷ್ಟು ಉಳಿಯುತ್ತದೆ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ದಟ್ಟವಾಗುತ್ತದೆ. ಕುಡಿಯಲಿಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ. ಮಗು ಎಷ್ಟು ನೀರು ಕುಡಿಯಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ವಿಪರೀತ ಊತವಿರುವ ಮಗುವಿಗೆ ಕೆಲವು ದಿನ ಮಿತಿ ಹೇಳಬಹುದು. ಹುಟ್ಟಿನ ತೊಂದರೆಯಿಂದ ಮೂತ್ರ ಹೆಚ್ಚು ಹೋಗುವ ಮಗುವಿಗೆ ತದ್ವಿರುದ್ಧವಾಗಿ ನೀರು, ಕೆಲವೊಮ್ಮೆ ಉಪ್ಪು ಕೂಡ, ಜಾಸ್ತಿಯೇ ಬೇಕು. ಅಂಥ ಮಗುವಿಗೆ ಚಳ್ಳಕೆರೆಯ ಬೇಸಿಗೆಯಲ್ಲಿ ಅಕ್ಕಪಕ್ಕದವರ ಮಾತು ಕೇಳಿ ನೀರು ಅಳೆದು ಕೊಟ್ಟರೆ ಉಳಿದ ಕಿಡ್ನಿಯೂ ಕೆಡುತ್ತದೆ.

ಸ್ಟೀರಾಯ್ಡ್ ನಡೆಯುತ್ತಿರುವ ಮಗುವಿಗೆ ಸೋಂಕು ಬೇಗ ತಗಲುತ್ತದೆ. ಬೀದಿಯಲ್ಲಿ ಯಾರ ಮನೆಯಲ್ಲಾದರೂ ಅಮ್ಮ ಆಗಿದ್ದು, ನಿಮ್ಮ ಮಗು ಅಲ್ಲಿ ಆಡಿಬಂದಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಸೀತಾಳೆ ಸಿಡುಬು ಇಂಥ ಮಕ್ಕಳಲ್ಲಿ ಉಗ್ರವಾಗಬಹುದು, ಮೊದಲೇ ಕೊಟ್ಟರೆ ತಡೆಯುವ ಔಷಧಿ ಇದೆ. ಮಾರಮ್ಮನಿಗೆ ಹರಕೆ ಹೊರುವುದಕ್ಕೆ ಅಡ್ಡಿಯಿಲ್ಲ, ಆದರೆ ಔಷಧಿಯ ದಿನಗಳಲ್ಲಿ ಗೌರಸಮುದ್ರದ ಜಾತ್ರೆಗೋ ನಾಯಕನಹಟ್ಟಿಯ ತೇರಿಗೋ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುವುದು ಬೇಡ, ದೊಡ್ಡವರೇ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬನ್ನಿ. ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಇರುವಾಗ ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆ, ಬಾಯಿಗೆ ಹಾಕುವ ಪೋಲಿಯೊ ಹನಿ ಮುಂದೂಡಬೇಕು. ಪಲ್ಸ್ ಪೋಲಿಯೊ ದಿನ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಚೀಟಿ ತೋರಿಸಿ. ನ್ಯುಮೋಕಾಕಲ್, ಫ್ಲೂ ಲಸಿಕೆಗಳನ್ನು ಮಾತ್ರ ಕೇಳಿ ಹಾಕಿಸಿಕೊಳ್ಳಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕಿಡ್ನಿಗೆ ಪೆಟ್ಟು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು 2011ರಲ್ಲೇ ನಿಷೇಧಿಸಲಾಗಿದೆ. ಅಂತ್ರ ಕಟ್ಟಿಸುವುದರಿಂದ ಕಿಡ್ನಿಗೇನೂ ಆಗುವುದಿಲ್ಲ, ಏನಿದೆಯೆಂದು ಗೊತ್ತಿಲ್ಲದ ಭಸ್ಮ, ಬೇರಿನ ಕಷಾಯದಿಂದ ಆಗುತ್ತದೆ. ಜ್ವರದ ಜೊತೆ ಹೊಟ್ಟೆನೋವು, ಉಸಿರಾಟಕ್ಕೆ ಕಷ್ಟ, ತಲೆನೋವಿನ ಜೊತೆ ವಾಂತಿ, ಫಿಟ್ಸ್, ಒಂದೇ ಕಾಲು ಊದಿ ನೋವು, ಅರ್ಧ ದಿನ ಮೂತ್ರವೇ ಇಲ್ಲ: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವುದನ್ನು ಕಾಯದೆ 108ಕ್ಕೆ ಫೋನ್ ಮಾಡಿ.

ಕಿಡ್ನಿ ನಿಜಕ್ಕೂ ಸೋತಾಗ

ಕೆಲವು ಮಕ್ಕಳ ಕಿಡ್ನಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತದೆ. ಮಗು ಬೆಳೆಯುವುದಿಲ್ಲ, ಬಿಳಿಚಿಕೊಳ್ಳುತ್ತದೆ, ಕಾಲು ಸೊಟ್ಟಗಾಗುತ್ತದೆ. ದೊಡ್ಡವರ ಪಥ್ಯ ಹೆಚ್ಚು ಕೇಡು ಮಾಡುವುದು ಇಂಥ ಮಗುವಿಗೆ. ಬೆಳೆಯುವ ಮಗುವಿಗೆ ಬೇಳೆ, ಮೊಟ್ಟೆ ಕಿತ್ತುಕೊಂಡರೆ ಕಿಡ್ನಿ ಉಳಿಯುವುದಿಲ್ಲ, ಎತ್ತರ ಮಾತ್ರ ಹೋಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದ್ದರೆ ಮಾತ್ರ ಎಳನೀರು, ಬಾಳೆಹಣ್ಣು, ಟೊಮೆಟೊಗೆ ಕಡಿವಾಣ. ತರಕಾರಿಯನ್ನು ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ ಬಳಸಬೇಕು. ಅಂಗಡಿಯಲ್ಲಿ "ಕಡಿಮೆ ಸೋಡಿಯಂ" ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಒಳ್ಳೆಯದೆಂದು ತಂದು ಹಾಕಬೇಡಿ. ಎನಾಲಾಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವ ಮಗುವಿಗೆ ವಾಂತಿಭೇದಿ ಶುರುವಾದರೆ ಆ ಮಾತ್ರೆ ನಿಲ್ಲಿಸಬೇಕೇ ಎಂದು ಕೂಡಲೇ ಕೇಳಿ.

ಯಾರೂ ಹೇಳದ ಒಂದು ವಿಷಯ: ರಕ್ತ ತೆಗೆಯುವವರಿಗೆ ಅಂಗೈ ಹಿಂಭಾಗದಲ್ಲಿ ಚುಚ್ಚಲು ಹೇಳಿ. ಮೊಣಕೈ, ಮುಂಗೈ ನರಗಳು ಮುಂದೆ ಡಯಾಲಿಸಿಸ್‌ಗೆ ಬೇಕಾಗುತ್ತವೆ, ಅದರಲ್ಲೂ ಬಲಗೈಯವರಿಗೆ ಎಡಗೈಯವು. ಚಿಕ್ಕ ಮಕ್ಕಳಿಗೆ ಮೆಷಿನ್ ಡಯಾಲಿಸಿಸ್‌ಗಿಂತ ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ಹೆಚ್ಚು ಒಗ್ಗುತ್ತದೆ. ಕೈ ತೊಳೆಯುವ ಶಿಸ್ತು ಕಲಿತರೆ ತಾಯಿಯೇ ಮನೆಯಲ್ಲಿ ಮಾಡಬಹುದು, ದಿನ ಬಿಟ್ಟು ದಿನ ದುರ್ಗಕ್ಕೆ ಓಡಬೇಕಿಲ್ಲ. ಕೊನೆಯ ದಾರಿ ಕಸಿ. 1994ರ ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ತಂದ ತಿದ್ದುಪಡಿಯಿಂದ ಅಜ್ಜ ಅಜ್ಜಿಯೂ ಹತ್ತಿರದ ಬಂಧುಗಳ ಸಾಲಿಗೆ ಸೇರಿದ್ದಾರೆ, ಅಪ್ಪ ಅಮ್ಮನ ಗುಂಪು ಹೊಂದದಿದ್ದರೆ ಅವರೂ ಕೊಡಬಹುದು.

ಎಲ್ಲಿಗೆ, ಏನೇನು ಹಿಡಿದು

ಮೊದಲು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರು, ಆಮೇಲೆ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆ. ಮೊಳಕಾಲ್ಮೂರಿನವರಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಹತ್ತಿರ, ಜನ ಇನ್ನೂ ವಿಮ್ಸ್ ಎಂದೇ ಕರೆಯುತ್ತಾರೆ. ದಾವಣಗೆರೆಯಲ್ಲಿ ಬಾಪೂಜಿ ಮಕ್ಕಳ ಆಸ್ಪತ್ರೆಯಿದೆ. ಮಕ್ಕಳ ಕಿಡ್ನಿ ತಜ್ಞರಿಗಾಗಿ ಬೆಂಗಳೂರಿಗೆ ಹೋಗಬೇಕಾಗುತ್ತದೆ: ನಿಮ್ಹಾನ್ಸ್ ಪಕ್ಕದ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ಕೋರಮಂಗಲದ ಸೇಂಟ್ ಜಾನ್ಸ್, ಕಸಿ ಮತ್ತು ಡಯಾಲಿಸಿಸ್‌ಗೆ ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ. ಮಗ್ಗದ ಮೇಲೆ ಕೂತರೆ ಮಾತ್ರ ಕೂಲಿ ಎನ್ನುವ ಮೊಳಕಾಲ್ಮೂರಿನ ನೇಕಾರರ ಮನೆಗೆ ಬೆಂಗಳೂರಿನ ಒಂದು ಓಡಾಟವೆಂದರೆ ಎರಡು ದಿನದ ದುಡಿಮೆ. ಅಲ್ಲಿನ ತಜ್ಞರು ಹೇಳಿದ ರಕ್ತಪರೀಕ್ಷೆ, ಬಿಪಿ, ತೂಕ ಚಳ್ಳಕೆರೆಯಲ್ಲೇ ಆಗುವುದಾದರೆ ಇಲ್ಲೇ ಮಾಡಿಸಿ, ನೋಟ್‌ಬುಕ್ಕಿನ ಫೋಟೊ ಫೋನಿನಲ್ಲಿ ಕಳಿಸಬಹುದೇ ಎಂದು ಸಂಕೋಚವಿಲ್ಲದೆ ಕೇಳಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದಿಲ್ಲದೆ ನೇರ ಬಸ್ ಹತ್ತಿದವರು ಕೌಂಟರಿನಿಂದ ವಾಪಸಾಗುತ್ತಾರೆ. ಇನ್ನೊಂದು ತೊಡಕು ರೇಷನ್ ಕಾರ್ಡಿನಲ್ಲಿ ಮಗುವಿನ ಹೆಸರೇ ಇಲ್ಲದಿರುವುದು. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚು ಇಲ್ಲದ ಬಾಲ ಆಧಾರ್ ಮಾಡಿಕೊಡುತ್ತಾರೆ. ಅದನ್ನು ಮಾಡಿಸಿ, ಹೆಸರು ಸೇರಿಸಿಬಿಡಿ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರುತ್ತದೆ. ಆ ದಿನ ಮಗುವನ್ನು ತಪ್ಪದೆ ಕಳಿಸಿ, ಕಾಯಿಲೆಯ ಚೀಟಿಯನ್ನೂ ಕೊಟ್ಟು ಕಳಿಸಿ.

ಶಾಲೆಗೆ ಸೇರಿಸುವಾಗ ಟೀಚರ್‌ಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಬರೆದುಕೊಡಿ: ಮೂತ್ರಕ್ಕೆ ಕೇಳಿದಾಗ ಬಿಡಬೇಕು, ನೀರಿನ ಬಾಟಲಿ ಬೆಂಚಿನ ಮೇಲಿರಬೇಕು, ಬಿಸಿಯೂಟದ ಸಾಂಬಾರು ಮಿತವಾಗಿರಲಿ, ಮೊಟ್ಟೆ ಕೊಡಬಹುದು. ಪೊಟ್ಯಾಸಿಯಂ ತೊಂದರೆಯಿರುವ ಮಗುವಿಗಾದರೆ ಬಾಳೆಹಣ್ಣು, ಚಿಕ್ಕಿ ಕೊಡಬಾರದು ಎಂದು ಸೇರಿಸಿ. ಸ್ಟೀರಾಯ್ಡ್‌ನಿಂದ ಮುಖ ದುಂಡಗಾದ ಮಗುವನ್ನು ಉಳಿದವರು "ಡುಮ್ಮ" ಎಂದು ಗೇಲಿ ಮಾಡುತ್ತಾರೆ. ಅದು ಔಷಧಿಯಿಂದ, ಪ್ರಮಾಣ ಇಳಿದಂತೆ ಇಳಿಯುತ್ತದೆ ಎಂದು ಟೀಚರೇ ತರಗತಿಯಲ್ಲಿ ಒಂದು ಮಾತು ಹೇಳಲಿ. ಆಟಕ್ಕೆ ಬಿಡಿ. ಊತವಿಲ್ಲದ ದಿನ ಕಬಡ್ಡಿ ಆಡಿದರೆ ಕಿಡ್ನಿಗೇನೂ ಆಗುವುದಿಲ್ಲ.

ಕೊನೆಗೆ ಊರಿನವರಲ್ಲಿ ಒಂದು ಕೋರಿಕೆ. ಕಿಡ್ನಿ ಕಾಯಿಲೆಯ ಪ್ರತಿ ಮಗುವಿಗೂ ಬಿಪಿ ನೋಡಲೇಬೇಕು. ದೊಡ್ಡವರ ತೋಳಿನ ಪಟ್ಟಿ ಮೂರು ವರ್ಷದ ಕೂಸಿಗೆ ಸುತ್ತಿದರೆ ತಪ್ಪು ಅಂಕಿ ಬರುತ್ತದೆ, ಮಕ್ಕಳ ಅಳತೆಯ ಪಟ್ಟಿಯೇ ಬೇಕು. ಅದು, ಒಂದು ಡಬ್ಬಿ ಡಿಪ್‌ಸ್ಟಿಕ್, ಎರಡೂ ಸೇರಿದರೂ ದೊಡ್ಡ ಖರ್ಚಲ್ಲ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವೆರಡೂ ಇವೆಯೇ ಎಂದು ಕೇಳಿ, ಇಲ್ಲದಿದ್ದರೆ ತರಿಸಿ.